ಶೆಟಿಗೆವ್ವನ ಮುಂದಿಟ್ಟ ರಸಾಯನದ ವಹಿ

ನನ್ನ ಅಕ್ಕ ತನ್ನ ಮೂರನೆಯ ಕೂಸನ್ನು ನಿದ್ದೆಗಣ್ಣಿನಲ್ಲಿ ಕೈಯಡಿಗೆ ಒತ್ತಿಕೊಂಡು ಕೊಂದಳೆಂದು ಎರಡು ಊರುಗಳ ಜನ ನಂಬಿದ್ದರು. ಅಕ್ಕನೂ ಅದನ್ನೇ ನಂಬಿದ್ದಳು. ಕೂಸು ಸತ್ತದ್ದು ಹಾಗಲ್ಲ, ಅದು ಹೇಗೆ ಸತ್ತಿತೆಂಬುದು ನನಗೆ ಗೊತ್ತು. ಆದರೆ ನನಗೆ ಅದು ಯಾವಾಗಿನಿಂದ ಗೊತ್ತಿತ್ತು? ಕೂಸು ಸತ್ತ ಮೇಲೆ ತಿಳಿಯಿತೋ, ಸಾಯುವ ಮೊದಲೇ ತಿಳಿದಿತ್ತೋ? ಈ ಬರಹ ಇರುವುದು ಅದೊಂದು ಪ್ರಶ್ನೆಗಾಗಿ. ಆದ್ದರಿಂದ ನೆನಪಿನ ಮಾತನ್ನು ಆಧಾರವಿಲ್ಲದೆ ಒಪ್ಪುವುದಿಲ್ಲ. ತಿಥಿಗಳನ್ನು ಅಪ್ಪನ ಚಿತ್ರಭಾನು ಸಂವತ್ಸರದ ಪಂಚಾಂಗದಿಂದ ತೆಗೆದುಕೊಂಡಿದ್ದೇನೆ. ಅದು ೧೯೪೨–೪೩ರ ಪಂಚಾಂಗ. ಮಳೆ ಬಿದ್ದದ್ದು, ಎಮ್ಮೆ ಈದದ್ದು, ಮನೆಯಲ್ಲಿ ಹುಟ್ಟಿದವರು, ಸತ್ತವರು, ಎಲ್ಲವನ್ನೂ ಅವರು ಅದರ ಅಂಚಿನಲ್ಲಿ ಸೀಸದಕಡ್ಡಿಯಿಂದ ಗುರುತು ಮಾಡುತ್ತಿದ್ದರು. ಇನ್ನೊಂದು ಆಧಾರ ನಾನು ಪಾಠ ಬರೆದುಕೊಳ್ಳುತ್ತಿದ್ದ ನನ್ನದೇ ಕಾಲೇಜಿನ ವಹಿ. ಅದರ ಮಾತು ಆಮೇಲೆ.

ಆ ವರ್ಷ ಆಗಸ್ಟಿನಲ್ಲಿ ಚಳವಳಿಯ ಗದ್ದಲಕ್ಕೆ ಕಾಲೇಜು ಬಾಗಿಲು ಹಾಕಿತು. ನಾನು ಬಿ.ಎಸ್‌ಸಿ. ಮೊದಲ ವರ್ಷದಲ್ಲಿದ್ದೆ. ರೈಲು ಹಿಡಿದು ಯಲವಿಗಿ ಸ್ಟೇಷನ್ನಿನಲ್ಲಿ ಇಳಿದಾಗ ನಾಗರ ಪಂಚಮಿ ಹಿಂದಿನ ದಿನವಷ್ಟೇ ಮುಗಿದಿತ್ತು. ಸ್ಟೇಷನ್ನಿನ ಎದುರು ಸವಣೂರು, ಶಿಗ್ಗಾಂವಿ ದಾಟಿ ಹಾನಗಲ್ಲಿಗೆ ಹೋಗುವ ಬಸ್ಸು ನಿಂತಿತ್ತು. ಪೆಟ್ರೋಲು ಯುದ್ಧದ ಪಾಲಾಗಿದ್ದ ಕಾಲ ಅದು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿ, ಅದರೊಳಗೆ ಇದ್ದಲು ತುಂಬಿ, ಆ ಇದ್ದಲು ಅರೆಬರೆ ಉರಿದು ಬಿಡುವ ಅನಿಲದಿಂದ ಎಂಜಿನ್ನು ನಡೆಸುತ್ತಿದ್ದರು. ನಾನು ಕುತೂಹಲದಿಂದ ಹಿಂದೆ ಹೋಗಿ ಒಲೆಯ ಮುಚ್ಚಳದ ಹತ್ತಿರ ನಿಂತೆ.

"ಏ ತಮ್ಮಾ, ಅಲ್ಲಿ ನಿಂದರಬ್ಯಾಡ, ಮುಂದ ಬಾ," ಎಂದು ಡ್ರೈವರ ಕೂಗಿದ.

"ಹೊಗಿನ ಇಲ್ಲಲ್ಲರಿ?"

"ಹೊಗಿ ಇಲ್ಲದ್ದಕ್ಕ ಹೇಳಿದ್ದು. ಹೊಗಿ ಇದ್ರ ನೀನ ಕೆಮ್ಮಿಕೋತ ಓಡಿ ಬರ್ತಿದ್ದಿ. ಹ್ವಾದ ತಿಂಗಳ ನಮ್ಮ ಕಂಡಕ್ಟರ ಮುಚ್ಚಳಾ ತಗದು ಬಗ್ಗಿ ನೋಡಿದ. ಹಂಗ ಕುಂತ, ಹಂಗ ಒರಗಿದ. ಮಾರಿಗೆ ನೀರ ಹೊಡದು ಎಬ್ಬಿಸಿದ್ರ, 'ಯಾಕ ಎಬ್ಬಿಸಿದ್ರಲೇ, ಮಾವನ ಮನ್ಯಾಗ ಉಣ್ಣಾಕತ್ತಿದ್ದೆ' ಅಂದ!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕ. ನಾನು ನನ್ನ ವಿದ್ಯೆ ತೋರಿಸಿದೆ. "ಒಲಿ ಕಾವಿಗೆ ತಲಿ ತಿರಗಿರತೈತ್ರಿ. ಇದ್ದಲಿ ಅಂದ್ರ ಶುದ್ಧ ಕಾರ್ಬನ್. ಅದರಾಗ ಏನೂ ಕೆಟ್ಟದ್ದ ಇರೂದಿಲ್ಲ."

"ಹೌದೇಳಪಾ, ನೀ ಓದಿದಾವ. ನಾವು ಬರೇ ಉಸರಾಡಿ ತಿಳಕೊಂಡಾವ್ರು," ಎಂದು ಡ್ರೈವರ ಗಾಡಿ ಎತ್ತಿದ.

ಹಿರೇಬೆಂಡಿಗೇರಿಯ ನಮ್ಮ ಮನೆಗೆ ಬಂದಾಗ ಅಕ್ಕ ಹೆತ್ತು ಮೂರನೆಯ ದಿನ. ಪಂಚಾಂಗದಲ್ಲಿ ಪಂಚಮಿಯ ಹಿಂದಿನ ದಿನದೆದುರು ಅಪ್ಪ "ಹೆಣ್ಣು ಕೂಸು, ಬೆಳಗಿನ ಜಾವ" ಎಂದು ಬರೆದಿದ್ದಾರೆ. ಅಕ್ಕನನ್ನು ಸವಣೂರು ತಾಲ್ಲೂಕಿನ ಹತ್ತಿಮತ್ತೂರಿಗೆ ಕೊಟ್ಟಿತ್ತು. ಮೊದಲಿನ ಎರಡು ಕೂಸುಗಳೂ ಉಳಿದಿರಲಿಲ್ಲ. ಒಂದು ಒಂಬತ್ತು ದಿನಕ್ಕೆ ಹೋಗಿತ್ತು, ಇನ್ನೊಂದು ತಿಂಗಳು ತುಂಬಿದ ಮೇಲೆ. ಎರಡಕ್ಕೂ ಥಂಡಿ ಹತ್ತಿತೆಂದೇ ಎಲ್ಲರೂ ಹೇಳಿದ್ದರು. ಈ ಸಲ ಅಕ್ಕನನ್ನು ಹೆರಿಗೆಗೆ ಕಳಿಸುವಾಗ ಅವಳ ಅತ್ತೆ ಅವ್ವನ ಮುಂದೆಯೇ ಅಂದಿದ್ದಳಂತೆ: "ಬೀಗತಿ, ಇದರೆ ಉಳಿಯೂಹಂಗ ನೋಡಕೋರಿ. ಇಲ್ಲಂದ್ರ ಹಿರೇಕೆರೂರ ಕಡೆ ಒಂದ ಹುಡಿಗಿ ನೋಡೇವಿ. ನಮಗೂ ವಂಶ ಬೇಕಲ್ಲ."

ಹೀಗಾಗಿ ಆ ಕೂಸು ಉಳಿಯಬೇಕಾಗಿತ್ತು. ಅದು ಉಳಿದರೆ ಅಕ್ಕನಿಗೆ ಮನೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಲ್ಲರೂ ಬಾಣಂತಿಯ ಕೋಣೆಯ ಬಾಗಿಲನ್ನೇ ನೋಡುತ್ತ ಓಡಾಡುತ್ತಿದ್ದರು.

ಆ ಕೋಣೆ ಪಡಸಾಲೆಯ ಒಳಮಗ್ಗುಲಿಗೆ ಇತ್ತು. ಕಿಟಕಿ ಇರಲಿಲ್ಲ. ಇದ್ದ ಒಂದು ಬೆಳಕಿಂಡಿಗೂ ಹಳೆಯ ಬಟ್ಟೆ ತುರುಕಿದ್ದರು. ಬಾಣಂತಿಯ ಹೊರಸಿನ ಅಡಿಗೆ ಮಣ್ಣಿನ ಅಗ್ಗಿಷ್ಟಿಗೆ ಇಟ್ಟು ಹಗಲೂ ಇರುಳೂ ಕೆಂಡ ಆರದಂತೆ ಕಾಯುವುದು ನಮ್ಮ ಕಡೆಯ ಪದ್ಧತಿ. ಕೆಂಡಕ್ಕೆ ಸಗಣಿಯ ಕುಳ್ಳು ಹಾಕುತ್ತಿದ್ದರು. ಮಳೆಗಾಲದ ಹಸಿ ಕುಳ್ಳು ಹೊಗೆಯಾಡಿ ಕಣ್ಣು ಬಿಡಲಾಗುತ್ತಿರಲಿಲ್ಲ. ಹೊಗೆಗೆ ಕೂಸು ಕೆಮ್ಮುತ್ತಿತ್ತು. ಮೂರು ದಿನದ ಕೂಸಿನ ಕೆಮ್ಮು ಎಷ್ಟು ಸಣ್ಣ ಸದ್ದು ಎಂಬುದು ಕೇಳಿದವರಿಗೇ ಗೊತ್ತು. ಅದು ಕೆಮ್ಮಿದಾಗಲೆಲ್ಲ ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು.

"ಬಾಗಿಲಾ ತಗದ್ರ ಥಂಡಿ, ಮುಚ್ಚಿದ್ರ ಹೊಗಿ. ನಾ ಏನ ಮಾಡ್ಲಿ, ನೀನ ಹೇಳು. ಅಷ್ಟ ದೊಡ್ಡ ಸಾಲಿ ಕಲ್ತಿ," ಎಂದು ಅವ್ವ ನನ್ನನ್ನು ಕೇಳಿದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅವಳು ನಿಜವಾಗಿಯೂ ಕೇಳಿದ್ದಳು.

ನಾನು ನಿಜವಾಗಿಯೂ ಹೇಳಿದೆ. ಕಟ್ಟಿಗೆ, ಕುಳ್ಳು, ಎಣ್ಣೆ, ಕರ್ಪೂರ, ಎಲ್ಲವೂ ಕಾರ್ಬನ್ನಿನ ಸರಪಣಿಗಳೇ. ಆ ಸರಪಣಿಗಳು ಪೂರ್ತಿ ಉರಿಯದೆ ತುಂಡುತುಂಡಾಗಿ ಮೇಲೇಳುವುದನ್ನೇ ನಾವು ಹೊಗೆ ಎನ್ನುತ್ತೇವೆ. ಕಟ್ಟಿಗೆಯನ್ನು ಗಾಳಿ ತಾಗದಂತೆ ಸುಟ್ಟರೆ ಮಿಕ್ಕದ್ದೆಲ್ಲ ಆವಿಯಾಗಿ ಹೋಗಿ ಕಾರ್ಬನ್ ಒಂದೇ ಉಳಿಯುತ್ತದೆ. ಅದೇ ಇದ್ದಲು. ಅದಕ್ಕೆ ಹೊಗೆ ಇಲ್ಲ. ಹೊಗೆ ಇಲ್ಲದ ಮೇಲೆ ಬಾಗಿಲು ತೆಗೆಯುವ ಪ್ರಮೇಯವೇ ಇಲ್ಲ. ಥಂಡಿಯೂ ಇಲ್ಲ, ಕೆಮ್ಮೂ ಇಲ್ಲ. ಹೀಗೆ ಒಂದರ ಮೇಲೊಂದು ಕೂರಿಸಿ ಹೇಳಿದೆ. ಇದರಲ್ಲಿ ಮೊದಲಿನ ಮಾತುಗಳೆಲ್ಲ ಇಂದಿಗೂ ಸರಿಯಾಗಿಯೇ ಇವೆ. ಬಾಗಿಲು ತೆಗೆಯಬೇಕಿಲ್ಲವೆಂಬ ಮಾತೊಂದು ತಪ್ಪು.

ಆ ಎರಡು ದಿನ ಅಕ್ಕನ ಕೋಣೆಯ ಹೊಸ್ತಿಲ ಬಳಿ ಕುಳಿತು ಅವಳ ಬೇಸರ ಕಳೆಯಲೆಂದು ನನ್ನ ಪಾಠ ಹೇಳುತ್ತಿದ್ದೆ. ಒಣಗಿದ ಜೋಳದ ದಂಟು ಸೀಳಿ ಒಳಗಿನ ಬೆಂಡನ್ನು ಉಂಡೆಯಾಗಿ ಕೊರೆದು, ಒಂದೊಂದಕ್ಕೆ ನಾಲ್ಕು ನಾಲ್ಕು ಜಾಲಿ ಮುಳ್ಳು ಚುಚ್ಚಿದೆ. ಬೆಂಡು ಕಾರ್ಬನ್, ಮುಳ್ಳು ಅದರ ಕೈ. ನಾಲ್ಕೂ ಮುಳ್ಳಿಗೆ ಜೋಳದ ಕಾಳು ಸಿಕ್ಕಿಸಿದರೆ ಕೆಸರಿನಿಂದ ಏಳುವ ಅನಿಲ. ಬೆಂಡಿಗೆ ಬೆಂಡು ಜೋಡಿಸುತ್ತ ಹೋದರೆ ಸೀಮೆಎಣ್ಣೆ, ಮೇಣ, ತುಪ್ಪ. ಅಕ್ಕ ಮಲಗಿದಲ್ಲಿಂದಲೇ ಕೈ ಚಾಚಿ ಒಂದು ಸರಪಣಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದಳು.

"ಎಲ್ಲಾಕ್ಕೂ ನಾಕ ನಾಕ ಕೈ?"

"ಎಲ್ಲಾಕ್ಕೂ ನಾಕ."

"ಯಾವಾಗರೆ ಒಂದೆರಡು ಕೈ ಖಾಲಿ ಉಳೀತಾವನು?"

"ಇಲ್ಲಕ್ಕ. ಖಾಲಿ ಕೈ ಉಳಿಯೂದ ಇಲ್ಲ. ಯಾರದರೆ ಕೈ ಹುಡಿಕ್ಕೊಂಡ ಹಿಡೀತೈತಿ."

"ಚಲೋ ಆತು ಬಿಡು," ಎಂದು ಅಕ್ಕ ನಕ್ಕಳು. "ನಮ್ಮ ಮಂದೀಗಿಂತಾ ನಿಮ್ಮ ಇದ್ದಲೀನ ಚಲೋ."

ಆ ಸರಪಣಿಯನ್ನು ಅವಳು ನೂಲಿನಿಂದ ತೊಟ್ಟಿಲಿನ ಕೋಲಿಗೆ ಕಟ್ಟಿಸಿಕೊಂಡಳು.

ಐದನೆಯ ದಿನ ಶೆಟಿಗೆವ್ವನ ಪೂಜೆ. ಅಂದು ಆ ದೇವಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆಂಬ ನಂಬಿಕೆ. ಅವಳು ಬರೆಯಲೆಂದು ಕೂಸಿನ ತಲೆದೆಸೆಗೆ ಬಿಳಿ ಹಾಳೆ, ಲೆಕ್ಕಣಿಕೆ ಇಡುತ್ತಾರೆ. ಅವ್ವ ಹಾಳೆ ಹುಡುಕುತ್ತಿದ್ದಾಗ ಅಕ್ಕ ತಡೆದಳು. "ತಮ್ಮನ ಕಾಲೇಜಿನ ವಹಿ ಇಡವಾ. ಮದಲಿನ ಎರಡಕ್ಕೂ ಅಂಗಡಿ ಹಾಳಿ ಇಟ್ಟಿದ್ದಿ. ಏನ ಬರದ್ಲೋ ಏನೋ. ಶಾಣ್ಯಾರ ವಹ್ಯಾಗ ಬರದ್ರ ಚಲೋ ಬರದಾಳು." ಎಲ್ಲರೂ ನಕ್ಕರು. ನಾನು ರಸಾಯನಶಾಸ್ತ್ರದ ವಹಿಯನ್ನು ತಂದು, ಬರೆದ ಕಡೆಯ ಪುಟದ ಎದುರಿನ ಖಾಲಿ ಪುಟ ತೆರೆದು, ದೀಪದ ಪಕ್ಕಕ್ಕೆ ಇಟ್ಟೆ. ಹಾಗೆ ದೇವಿಯ ಮುಂದಿಟ್ಟ ಹಾಳೆಯನ್ನು ಮರಳಿ ಕೇಳುವಂತಿಲ್ಲ. ಮರುದಿನ ಅಕ್ಕ ಅದನ್ನು ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಳು. ಕಾಲೇಜು ತೆರೆದ ಮೇಲೆ ನಾನು ಹೊಸ ವಹಿ ಕೊಂಡೆ.

ಆರನೆಯ ದಿನ ಹಾನಗಲ್ಲಿಗೆ ಹೋದೆ. ಅಲ್ಲಿನ ಪಡುವಣ ಕಾಡಿನ ಇದ್ದಲು ಬಸ್ಸುಗಳಿಗಾಗಿ ಸ್ಟ್ಯಾಂಡಿನ ಬಳಿ ರಾಶಿ ಬಿದ್ದಿರುತ್ತಿತ್ತು. ಅದೇ ಡ್ರೈವರ ಒಂದು ಚೀಲ ಕೊಡಿಸಿದ. "ಯಾತಕ್ಕಪಾ ಇಷ್ಟ?" ಎಂದು ಕೇಳಿದ. ಬಾಣಂತಿಯ ಕೋಣೆಯ ಮಾತನ್ನು ಹೊರಗಿನ ಗಂಡಸರೆದುರು ಆಡುವ ರೂಢಿ ನಮ್ಮಲ್ಲಿರಲಿಲ್ಲ. "ಅಡಗಿಗ್ರಿ," ಎಂದೆ. ಅವನು ತಲೆಯಾಡಿಸಿ ಚೀಲವನ್ನು ಬಸ್ಸಿನ ಮೇಲೆ ಏರಿಸಿದ. ನಿಜ ಹೇಳಿದ್ದರೆ ಅವನು ಏನನ್ನುತ್ತಿದ್ದನೆಂದು ನಾನು ಆಮೇಲೆ ಎಷ್ಟು ಸಲ ಊಹಿಸಿದ್ದೇನೋ ಹೇಳಲಾರೆ.

ಇದ್ದಲಿನ ಕೆಂಡ ಕಣ್ಣಿಗೂ ಚೆಂದವಾಗಿತ್ತು. ಹೊಗೆ ಇಲ್ಲ, ವಾಸನೆ ಇಲ್ಲ. ಕೂಸಿನ ಕೆಮ್ಮು ಒಂದೇ ದಿನಕ್ಕೆ ನಿಂತಿತು. ಅವ್ವ ಓಣಿಯ ಹೆಂಗಸರಿಗೆಲ್ಲ ಮಗನ ಸಾಲಿಯ ಮಹಿಮೆ ಹೇಳಿದಳು. ಬಾಗಿಲು ಮುಚ್ಚಿಯೇ ಇರುತ್ತಿತ್ತು. ಬಾಗಿಲಿನ ಅಡಿಯ ಸಂದಿನಿಂದ ಮಳೆಗಾಳಿ ಒಳಬರುವುದನ್ನು ಕಂಡು ಹಳೆಯ ಕೌದಿಯೊಂದನ್ನು ಸುರುಳಿ ಸುತ್ತಿ ಅಲ್ಲಿ ಒತ್ತಿದವನು ನಾನೇ.

ಎರಡು ದಿನಕ್ಕೆ ಅಕ್ಕನಿಗೆ ತಲೆನೋವು ಶುರುವಾಯಿತು. ಹೊಟ್ಟೆ ತೊಳಸುತ್ತಿತ್ತು. ತಲೆನೋವೆಂದರೆ ಥಂಡಿ, ಥಂಡಿಗೆ ಕಾವು. ಅವ್ವ ಇನ್ನೆರಡು ಹಿಡಿ ಇದ್ದಲು ಹಾಕಿದಳು. ಮರುದಿನ ನೋವು ಹೆಚ್ಚಿತು. ಅವ್ವ ಕಾವನ್ನೂ ಹೆಚ್ಚಿಸಿದಳು. ಕೂಸು ಅಳುವುದನ್ನು ಕಡಿಮೆ ಮಾಡಿತು. ಹಾಲಿಗೆ ಎಬ್ಬಿಸಿದರೂ ಏಳದೆ ಮಲಗಿರುತ್ತಿತ್ತು. "ಸಮಾಧಾನದ ಕೂಸು," ಎಂದರು. ಅಕ್ಕನ ಕೆನ್ನೆ ಕೆಂಪೇರಿತ್ತು. ನೋಡಲು ಬಂದ ಹೆಂಗಸರು, "ಮಾರಿಗೆ ಎಂಥಾ ಕಳಿ ಬಂದೈತಿ ನೋಡ್ರೆ, ಬಾಣಂತನ ಅಂದ್ರ ಹಿಂಗ ಆಗಬೇಕು," ಎಂದು ಹೋಗುತ್ತಿದ್ದರು.

ಒಬ್ಬಳಿಗೆ ಮಾತ್ರ ಅದು ಸರಿ ಕಾಣಲಿಲ್ಲ. ದಿನವೂ ಬಾಣಂತಿಗೂ ಕೂಸಿಗೂ ಎರೆಯಲು ಊರ ಹೊರಗಿನ ಕೇರಿಯಿಂದ ಬರುತ್ತಿದ್ದ ಸೂಲಗಿತ್ತಿ ಅವಳು. ಹೆರಿಗೆ, ಎರೆಯುವ ಕೆಲಸ ಇದ್ದಾಗ ಅವಳು ಒಳಗಿನ ಕೋಣೆಯವರೆಗೂ ಬರಬಹುದಿತ್ತು. ಉಳಿದ ದಿನಗಳಲ್ಲಿ ಅಂಗಳ ದಾಟುವಂತಿರಲಿಲ್ಲ. ಹತ್ತನೆಯ ದಿನ ಎರೆದು ಹೊರಗೆ ಬಂದವಳೇ ಪಡಸಾಲೆಯ ಕಂಬ ಹಿಡಿದು ಕುಳಿತಳು.

"ಅವ್ವಾರ, ಆ ಕ್ವಾಣ್ಯಾಗ ಹೊಕ್ಕು ಎರಡ ಮಾತ ಆಡೂದ್ರಾಗ ನನ್ನ ತಲಿ ಸಿಡ್ಯಾಕತ್ತೈತ್ರಿ. ಕುಳ್ಳಿನ ಕಾಲಕ್ಕ ಹಿಂಗ ಇದ್ದಿದ್ದಿಲ್ಲ. ಈ ಇದ್ದಲಿ ಬ್ಯಾಡ್ರಿ."

"ಕುಳ್ಳಿನ ಹೊಗಿಗೆ ಕೂಸ ಕೆಮ್ಮತಿತ್ತಲ್ಲ?" ಎಂದು ಅವ್ವ ಹಿಂಜರಿದಳು.

"ಕೆಮ್ಮಲಿ ಬಿಡ್ರಿ. ಹೊಗಿ ಆದ್ರ ಕಣ್ಣಾಗ ನೀರ ಬರ್ತಾವ, ತಡೀಲಾರದ ನೀವ ಬಾಗಿಲಾ ತಗೀತೀರಿ. ಇದಕ್ಕ ಬಾಗಿಲಾ ತಗಸೂ ಬುದ್ಧಿನ ಇಲ್ಲ."

ಅವ್ವ ನನ್ನ ಮುಖ ನೋಡಿದಳು. ನಾನು ನಗುತ್ತ ಹೇಳಿದೆ: "ಕಾಣಲಾರದ ಹೊಗಿ ಅಂತ ಒಂದ ಇರ್ತೈತೇನಬೇ? ನಿನಗ ಮಳ್ಯಾಗ ನೆನದು ತಲಿ ನೋಯಾಕತ್ತೈತಿ."

"ಇರಬಹುದ್ರಿ ಸಣ್ಣ ಧಣ್ಯಾರ," ಎಂದು ಅವಳು ಎದ್ದಳು. "ಐವತ್ತ ಕೂಸ ಹಿಡದ ಕೈರಿ ಇವು. ಆದ್ರ ನೀವು ಓದೀರಿ."

ಡ್ರೈವರನೂ ಹೀಗೆಯೇ ಅಂದಿದ್ದ. ಒಂದೇ ವಾರದಲ್ಲಿ ಇಬ್ಬರು, ಒಬ್ಬರನ್ನೊಬ್ಬರು ಕಾಣದವರು, ನನಗೆ ಒಂದೇ ಮಾತು ಹೇಳಿದ್ದರು. ಇಬ್ಬರೂ ಕೊನೆಗೆ ನನ್ನ ಓದಿಗೆ ಮಣಿದು ಸುಮ್ಮನಾದರು.

ಹನ್ನೊಂದನೆಯ ದಿನ, ನೂಲ ಹುಣ್ಣಿಮೆಯ ಹಿಂದಿನ ದಿನ, ಬೆಳಗಿನಿಂದಲೇ ಮಳೆ ಹಿಡಿದಿತ್ತು. ಎರಡು ದಿನ ಬಿಟ್ಟರೆ ಹೆಸರಿಡುವ ಕಾರ್ಯ. ಅವ್ವ ಅಡಿಗೆಮನೆಯಲ್ಲಿ ಹುರಿಗಡಲೆ ಬೀಸುತ್ತಿದ್ದಳು. ಅಪ್ಪ ಹೊಲದ ಒಡ್ಡು ನೋಡಲು ಹೋಗಿದ್ದರು. ಅಕ್ಕ ಊಟ ಬೇಡವೆಂದು, ತಲೆ ಎತ್ತಲಾಗುವುದಿಲ್ಲವೆಂದು, ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದಳು. ನಾನು ಹೊಸದಾಗಿ ಕೆಂಡ ತುಂಬಿಕೊಟ್ಟು, ಬಾಗಿಲೆಳೆದು, ಕೌದಿಯನ್ನು ಸರಿಪಡಿಸಿ, ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದೆ. ಕೋಣೆಯ ಬಾಗಿಲಿಗೂ ನನಗೂ ನಡುವೆ ಎಂಟು ಹೆಜ್ಜೆ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ನಿದ್ದೆ ಹತ್ತಿರಬೇಕೆಂದು ಸಮಾಧಾನಪಟ್ಟೆ.

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಸೂಲಗಿತ್ತಿ ಗೋಣಿಯ ಗೊಪ್ಪೆ ಹೊದ್ದು ಬಂದಳು. ಬಾಗಿಲು ಬಡಿದಳು. ಇನ್ನೊಮ್ಮೆ ಬಡಿದಳು. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಭುಜ ಕೊಟ್ಟು ಬಾಗಿಲು ನೂಕಿದಳು. ಕೌದಿ ಸಿಕ್ಕಿಕೊಂಡು ಬಾಗಿಲು ಅರ್ಧಕ್ಕೇ ನಿಂತಿತು. "ಇದನ್ನ ಯಾವ ಹಾಟ್ಯಾನ ಮಗ ತುರಕ್ಯಾನ?" ಎಂದು ಒದರಿದಳು. ಅಕ್ಕನ ಎರಡೂ ತೋಳಿನಡಿ ಕೈ ಹಾಕಿ ಅವಳನ್ನು ಹೊರಸಿನಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳದ ಮಳೆಗೆ ಎಳೆದುಕೊಂಡು ಹೋದಳು. ಬಾಣಂತಿಯನ್ನು ಮಳೆಗೆ ಹಾಕಿದಳೆಂದು ಅವ್ವ ಎದೆ ಬಡಿದುಕೊಳ್ಳುತ್ತ ಹಿಂದೆ ಓಡಿದಳು.

ಕೂಸನ್ನು ಎತ್ತಿಕೊಂಡವನು ನಾನು. ಅದರ ಮೇಲೆ ಅಕ್ಕನ ಎಡಗೈ ಬಿದ್ದಿತ್ತು. ಸೂಲಗಿತ್ತಿ ಅಕ್ಕನನ್ನು ಎಳೆದಾಗ ಆ ಕೈ ಜಾರಿ ಸರಿದದ್ದನ್ನು ನಾನು ನೋಡಿದೆ, ಒದರಾಟ ಕೇಳಿ ಬಾಗಿಲಿಗೆ ಬಂದು ನಿಂತಿದ್ದ ನೆರೆಮನೆಯ ಹೆಂಗಸರೂ ನೋಡಿದರು. ಕೂಸು ಬೆಚ್ಚಗೇ ಇತ್ತು. ಕೆನ್ನೆ, ತುಟಿ, ಉಗುರು ಎಲ್ಲ ತೊಂಡೆಹಣ್ಣಿನ ಹಾಗೆ ಕೆಂಪಗೆ ಇದ್ದವು. ಇಷ್ಟು ಕೆಂಪಗಿರುವುದು ಸತ್ತಿರಲಾರದು ಎಂದುಕೊಂಡು ಅದನ್ನು ಅಲುಗಾಡಿಸುತ್ತ, ಬೆನ್ನು ತಟ್ಟುತ್ತ, ಬಾಯಿಗೆ ಬಾಯಿ ಹಚ್ಚಿ ಊದುತ್ತ ಅಂಗಳದಲ್ಲಿ ನಿಂತೇ ಇದ್ದೆ. ಕೊನೆಗೆ ಸೂಲಗಿತ್ತಿ ಬಂದು ನನ್ನ ಕೈ ಬಿಡಿಸಿ ಅದನ್ನು ತೆಗೆದುಕೊಂಡಳು.

ಅಕ್ಕ ಮಳೆಯಲ್ಲಿ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಮೊದಲು ಕೇಳಿದ್ದು ಕೂಸನ್ನು. ಬಾಗಿಲ ಬಳಿಯ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡು, "ಕೈ ಮ್ಯಾಲ ಬಿದ್ದಿತ್ತವಾ... ನಿದ್ದ್ಯಾಗ ಗೊತ್ತಾಗಿಲ್ಲ..." ಎಂದಳು. ಕನಿಕರದಿಂದಲೇ ಆಡಿದ ಆ ಮಾತು ಸಂಜೆಯ ಹೊತ್ತಿಗೆ ಊರಿಗೆಲ್ಲ ನಿಜವಾಯಿತು, ಎರಡು ದಿನಕ್ಕೆ ಹತ್ತಿಮತ್ತೂರಿಗೂ ಮುಟ್ಟಿತು. ಅಕ್ಕ ತನ್ನ ಎಡಗೈಯನ್ನು ಮುಂದೆ ಹಿಡಿದು ನೋಡಿಕೊಂಡಳು. ಅದನ್ನು ನೋಡಿದವನು ನಾನೊಬ್ಬನೇ ಇರಬೇಕು.

ಆಗ ನಾನು ಏನೂ ಹೇಳಲಿಲ್ಲ. ಹೇಳಲು ನನಗೆ ಏನೂ ಗೊತ್ತಿರಲಿಲ್ಲ ಎಂದೇ ಮುಂದೆ ಆರು ವರ್ಷ ನನಗೆ ನಾನು ಹೇಳಿಕೊಂಡೆ.

ದೀಪಾವಳಿಯ ನಂತರ ಕಾಲೇಜು ತೆರೆಯಿತು. ಪಾಠ ಕಾರ್ಬನ್ನಿನ ಆಕ್ಸೈಡುಗಳದ್ದು. ಉರಿಗೆ ಗಾಳಿ ಧಾರಾಳವಾಗಿದ್ದರೆ ಪ್ರತಿ ಕಾರ್ಬನ್ ಎರಡು ಆಮ್ಲಜನಕಗಳನ್ನು ಹಿಡಿದು ನಾಲ್ಕೂ ಕೈ ತುಂಬಿಕೊಳ್ಳುತ್ತದೆ. ಗಾಳಿ ಸಾಲದಿದ್ದರೆ ಸಿಗುವುದು ಒಂದೇ. ಆಗ ಎರಡು ಕೈ ಖಾಲಿ ಉಳಿಯುತ್ತವೆಂದು ಅಂದು ಕಲಿಸುತ್ತಿದ್ದರು. ಆ ಬಂಧವನ್ನು ಇಂದು ಬೇರೆ ಬಗೆಯಾಗಿ ವಿವರಿಸುತ್ತೇವೆ, ಆದರೆ ಅದರ ಪರಿಣಾಮದ ವಿವರಣೆ ಬದಲಾಗಿಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಗೆ ಹೋಗಿ ರಕ್ತದ ಕಬ್ಬಿಣವನ್ನು ಆಮ್ಲಜನಕಕ್ಕಿಂತ ಎಷ್ಟೋ ಬಿಗಿಯಾಗಿ ಹಿಡಿದು ಬಿಡುವುದಿಲ್ಲ. ಹಾಗೆ ಹಿಡಿದ ರಕ್ತ ಕೆಂಪಗೇ ಉಳಿಯುತ್ತದೆ. ನಾನು ಬೆಂಚಿನಿಂದೆದ್ದು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ಬಸ್ಸಿನ ಹಿಂದಿನ ಒಲೆಯಲ್ಲಿ ಎಂಜಿನ್ನಿಗೆ ಆಹಾರವಾಗುತ್ತಿದ್ದದ್ದೂ ಅಕ್ಕನ ಹೊರಸಿನ ಅಡಿಯಿಂದ ಏಳುತ್ತಿದ್ದದ್ದೂ ಒಂದೇ.

ಅಂದೇ ಅಕ್ಕನಿಗೆ ಕಾಗದ ಬರೆಯಬಹುದಿತ್ತು. ಅಷ್ಟರಲ್ಲಿ ಅವಳು ಹತ್ತಿಮತ್ತೂರಿಗೆ ಮರಳಿದ್ದಳು. ಹಿರೇಕೆರೂರಿನ ಹುಡುಗಿ ಆ ಮನೆಗೆ ಕಾಲಿಡುವ ದಿನ ಗೊತ್ತಾಗಿತ್ತು. ಕನ್ನಡ ಎರಡನೆಯ ಇಯತ್ತೆ ಓದಿದ ಅಕ್ಕನಿಗೆ ನನ್ನ ಕಾಗದವನ್ನು ಬೇರೆಯವರೇ ಓದಿ ಹೇಳಬೇಕು. ಅದರಲ್ಲಿ 'ಕೊಂದದ್ದು ನಿನ್ನ ಕೈ ಅಲ್ಲ, ನಾನು ತಂದ ಇದ್ದಲು' ಎಂದು ಬರೆಯಬೇಕು. ಬರೆಯಲಿಲ್ಲ. ಮುಖತಃ ಹೇಳೋಣವೆಂದೆ. ಮುಂದೆ ಎಷ್ಟೋ ಸಲ ಮುಖತಃ ಕಂಡಾಗಲೂ ಹೇಳಲಿಲ್ಲ. ಅವಳು ಸವತಿಯ ಮಕ್ಕಳಿಗೆ ರೊಟ್ಟಿ ಬಡಿಯುತ್ತ, ನನಗೂ ಬಡಿದಿಕ್ಕುತ್ತ, "ಸಾಲಿ ಹೆಂಗ ನಡದೈತಿ ತಮ್ಮಾ?" ಎಂದು ಕೇಳುತ್ತಿದ್ದಳು. ನನ್ನ ಮೌನಕ್ಕೆ ಒಂದೇ ಆಸರೆ ಇತ್ತು: ಆ ಪಾಠ ನಡೆದದ್ದು ದೀಪಾವಳಿಯ ನಂತರ, ಕೂಸು ಸತ್ತದ್ದು ಶ್ರಾವಣದಲ್ಲಿ. ನಾನು ಅರಿಯದೆ ಮಾಡಿದೆ. ಅರಿಯದವನ ಮೇಲೆ ತಪ್ಪು ಹೊರಿಸಲಾಗದು.

೧೯೪೮ರ ಬೇಸಿಗೆಯಲ್ಲಿ ವಿಷಮಜ್ವರಕ್ಕೆ ಅಕ್ಕ ತೀರಿಕೊಂಡಳು. ತಿಂಗಳಾದ ಮೇಲೆ ಅವಳ ಟ್ರಂಕು ನಮ್ಮ ಮನೆಗೆ ಬಂತು. ಎರಡು ಸೀರೆ, ತೊಡಿಸದೇ ಉಳಿದ ಒಂದು ಕುಲಾವಿ, ಮುರಿದ ಮುಳ್ಳುಗಳ ಒಂದು ಬೆಂಡಿನ ಸರಪಣಿ. ಎಲ್ಲದರ ಕೆಳಗೆ, ಅರಿಷಿಣದ ಬಟ್ಟೆಯಲ್ಲಿ ಸುತ್ತಿದ ನನ್ನ ವಹಿ.

ಅದು ತಾನಾಗಿಯೇ ಶೆಟಿಗೆವ್ವನ ಪುಟಕ್ಕೆ ತೆರೆದುಕೊಂಡಿತು. ಬಲಗಡೆಯ ಪುಟ ಖಾಲಿ, ಮೂಲೆಯಲ್ಲಿ ಕುಂಕುಮದ ಬೆರಳಚ್ಚು. ಎಡಗಡೆಯ ಪುಟದಲ್ಲಿ ನನ್ನ ಕೈಬರಹ. ಅಲ್ಲಿ ಇಂಗ್ಲಿಷಿನಲ್ಲಿ ಕಾರ್ಬನ್ನಿನ ಎರಡು ಆಕ್ಸೈಡುಗಳು. ಎರಡನೆಯದರ ಚಿತ್ರದಲ್ಲಿ ಎರಡು ಗೆರೆಗಳನ್ನು ಖಾಲಿ ಬಿಟ್ಟಿದ್ದೆ. ಕೆಳಗೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸಿದರೆ ಪ್ರಾಣಾಪಾಯ ಎಂದು ಬರೆದು, ಕಡೆಯ ಮಾತಿನ ಅಡಿಗೆ ಗೆರೆಯನ್ನೂ ಎಳೆದಿದ್ದೆ. ಪುಟದ ನೆತ್ತಿಯಲ್ಲಿ ತಾರೀಖು. ತಿಂಗಳು ಜುಲೈ.

ದೀಪಾವಳಿಯ ನಂತರ ನಡೆದದ್ದು ಅದೇ ಪಾಠದ ಪುನರಾವರ್ತನೆ. ಚಳವಳಿಯ ಗದ್ದಲದಲ್ಲಿ ಕಡಿದುಹೋದ ಪಾಠವನ್ನು ಅಧ್ಯಾಪಕರು ಹಿಂದಿನಿಂದ ಎತ್ತಿಕೊಂಡಿದ್ದರು. ಆರು ವರ್ಷ ನನ್ನ ನೆನಪು ಒಂದು ತಾರೀಖನ್ನು ಅಳಿಸಿ ಇನ್ನೊಂದನ್ನು ಇಟ್ಟುಕೊಂಡು ನನ್ನನ್ನು ಕಾಪಾಡಿತ್ತು. ಖಾಲಿ ಕೈ ಉಳಿಯುತ್ತವೇನು ಎಂದು ಅಕ್ಕ ಕೇಳಿದಾಗ ನನಗೆ ಉತ್ತರ ಗೊತ್ತಿತ್ತು. ಒಂದು ಅಪವಾದವಿದೆ ಎಂದರೆ ಕಥೆಯ ಚೆಲುವು ಕೆಡುತ್ತಿತ್ತು, ಅಷ್ಟಕ್ಕಾಗಿ ಅದನ್ನು ಬಿಟ್ಟೆ. ತನ್ನನ್ನು ನಿರ್ದೋಷಿ ಎನ್ನುವ ಆ ಒಂದೇ ಬರಹವನ್ನು, ತನಗೆ ಬಾರದ ಭಾಷೆಯಲ್ಲಿದ್ದ ಬರಹವನ್ನು, ಅವಳು ಆರು ವರ್ಷ ಅರಿಷಿಣದ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು.

ವಹಿ ಹಿಡಿದುಕೊಂಡು ಹತ್ತಿಮತ್ತೂರಿಗೆ ಹೋದೆ. ಮಾವ, ಅಂದರೆ ಅಕ್ಕನ ಗಂಡ, ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದರು. ನಾನು ನಿಂತುಕೊಂಡೇ ಓದಿದೆ.

"ಇಂಗ್ಲೀಷ ನನಗೇನ ತಿಳೀತೈತೋ? ಕನ್ನಡದಾಗ ಹೇಳು."

ಕನ್ನಡದಲ್ಲಿ ಹೇಳಿದೆ. ಇದ್ದಲು, ಕೌದಿ, ಖಾಲಿ ಕೈ, ಜುಲೈ, ಎಲ್ಲವನ್ನೂ. ಅವರು ಹೊಸೆಯುತ್ತಿದ್ದ ಹಗ್ಗವನ್ನು ಪಕ್ಕಕ್ಕಿಟ್ಟರು.

"ಹಂಗಾರ ಆಕಿ ಮಾಡಿದ್ದಿಲ್ಲ."

"ಇಲ್ಲರಿ."

"ಇದನ್ನ ನನ್ನ ಮುಂದ ಯಾಕ ಹೇಳತಿ? ನಾ ಅದನ್ನ ಮರತು ಭಾಳ ದಿನಾ ಆತು. ಆಕೀಗೆ ಹೇಳಬೇಕಿತ್ತು."

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಅವರ ಎರಡನೆಯ ಹೆಂಡತಿ ಆಗ ಹೊರಗೆ ಬಂದಳು. ಹಿರೇಕೆರೂರಿನ ಆ ಹುಡುಗಿ ಈಗ ಮೂರು ಮಕ್ಕಳ ತಾಯಿ. ಸೊಂಟದಲ್ಲಿ ಕಡೆಯದು ಇತ್ತು. ಅಳುತ್ತಿದ್ದಳು.

"ಅಕ್ಕ ನನ್ನ ಮಕ್ಕಳಿಗೆ ಎಲ್ಲಾ ಮಾಡತಿದ್ಲುರಿ. ಎರೀತಿದ್ಲು, ಉಣಸತಿದ್ಲು. ಮಗ್ಗಲದಾಗ ಮಾತ್ರ ಒಂದ ದಿನಾನೂ ಹಾಕ್ಕೊಳ್ಳಲಿಲ್ಲ. ಅಡ್ಡಾಗೂ ಮುಂದ ಎಡಗೈ ರಟ್ಟಿಗೆ ಸೀರಿ ಸೆರಗ ಸುತ್ತಿ ಹೊರಸಿನ ಕಾಲಿಗೆ ಬಿಗದು ಕಟ್ಟಕೋತಿದ್ಲು. 'ಯಾಕಕ್ಕಾ?' ಅಂದ್ರ, 'ಇದರ ಭರೋಸಾ ಇಲ್ಲವಾ' ಅಂತಿದ್ಲು. ಸಾಯೂ ದಿನಾ ಮೈಯಾಗ ಜ್ವರ ಕುದಿಯಾಕತ್ತಿತ್ತು. ಆವಾಗೂ ನನ್ನ ಕಡಿಂದ ಕಟ್ಟಿಸಿಕೊಂಡ್ಲುರಿ."

ನನ್ನ ಬಾಯಿಂದ ಬಂದದ್ದು ಒಂದು ಪ್ರಶ್ನೆ. "ಯಾವಾಗಿಂದ?"

"ನಾ ಈ ಮನಿಗೆ ಬಂದ ದಿನದಿಂದ ನೋಡೇನ್ರಿ," ಎಂದಳು ಅವಳು.

ಮದುವೆಯ ದಿನ ಯಾವುದೆಂದು ಮಾವ ಹೇಳಿದರು. ಮನೆಗೆ ಬಂದು ಪಂಚಾಂಗ ತೆಗೆದು, ನನ್ನ ಹೊಸ ವಹಿಯಲ್ಲಿನ ಪಾಠದ ತಾರೀಖಿನೊಡನೆ ಹೋಲಿಸಿ ನೋಡಿದೆ. ಕಾಲೇಜಿನ ಬೆಂಚಿನಿಂದೆದ್ದು ಹೋಗಿ ಗೋಡೆ ಹಿಡಿದು ನಿಂತ ಮೇಲೆ ಹದಿನೇಳು ದಿನಗಳಿಗೆ ಅದು ಬರುತ್ತದೆ. ಒಂದು ಕಾಗದ ಹತ್ತಿಮತ್ತೂರಿಗೆ ಮುಟ್ಟಲು ಆಗಿನ ಕಾಲಕ್ಕೆ ನಾಲ್ಕು ದಿನ ಸಾಕಾಗುತ್ತಿತ್ತು.